‘ಮಿಂಗಸ್ ಆ ಉಮ್’: ಬೇಸ್ ಹಿಡಿದು ಕೇಳುವ ವಿಧಾನ

ಅಮೆರಿಕದ ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ಡಬಲ್ ಬೇಸ್ (ನೆಲಕ್ಕೆ ನಿಲ್ಲಿಸಿ ನುಡಿಸುವ, ತಗ್ಗು ದನಿಯ ದೊಡ್ಡ ತಂತಿವಾದ್ಯ; ಚಿಕ್ಕದಾಗಿ ಬೇಸ್) ನುಡಿಸುತ್ತಲೇ ತಂಡ ನಡೆಸಿದವರು. 1959ರ ಮೇ 5 ಮತ್ತು 12ರಂದು ನ್ಯೂಯಾರ್ಕ್‌ನ ಕೊಲಂಬಿಯಾ 30ನೇ ಬೀದಿ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡು ಅದೇ ವರ್ಷ ಹೊರಬಂದ ‘ಮಿಂಗಸ್ ಆ ಉಮ್’ ಆಲ್ಬಮ್‌ನಲ್ಲಿ ಒಂಬತ್ತು ರಚನೆಗಳಿವೆ, ಒಂಬತ್ತೂ ಅವರದೇ. ಹೊಸಬರು ಇದನ್ನು ಹಾಕಿದೊಡನೆ ಸ್ಯಾಕ್ಸೊಫೋನ್‌ಗಳ ಬೆನ್ನು ಹತ್ತುತ್ತಾರೆ. ಮೂರು ಸ್ಯಾಕ್ಸ್, ಒಂದು ಟ್ರಾಂಬೋನ್ ಒಟ್ಟಿಗೆ ಮೇಲೇಳುವಾಗ ಬೇರೆ ಕಡೆ ಕಿವಿ ಕೊಡುವುದು ಕಷ್ಟ ನಿಜ. ಆದರೆ ಈ ಆಲ್ಬಮ್‌ನಲ್ಲಿ ನಡೆ ಬದಲಾಗುವುದು, ಬಿರುಸಾಗುವುದು, ತಟ್ಟನೆ ಖಾಲಿಯಾಗುವುದು ಎಲ್ಲವೂ ತಳದಿಂದಲೇ ಶುರುವಾಗುತ್ತದೆ. ಬೇಸ್ ಹಿಡಿದರೆ ಗದ್ದಲ ಅನ್ನಿಸಿದ್ದ ಜಾಗಗಳಲ್ಲೂ ದಾರಿ ಕಾಣುತ್ತದೆ. ಅದಕ್ಕೆ ಬೇಸ್ ನಿಜವಾಗಿ ಕೇಳಿಸುವಂಥ ಏರ್ಪಾಡು ಬೇಕು, ಒಂದು ಸಲಕ್ಕೆ ಒಂದೇ ಸಂಗತಿಗೆ ಕಿವಿಗೊಡುವ ತಾಳ್ಮೆ ಬೇಕು.

ಮೊದಲು ಅವಧಿ ನೋಡಿ

ಎಲ್‌ಪಿ ತಟ್ಟೆಯಲ್ಲಿ ಹಿಡಿಸಲೆಂದು 1959ರಲ್ಲಿ ಒಂಬತ್ತರಲ್ಲಿ ಆರು ರಚನೆಗಳಿಗೆ ಕತ್ತರಿ ಹಾಕಲಾಗಿತ್ತು. ಕತ್ತರಿಸದ ರೂಪಗಳು ಮೊದಲು ಬೆಳಕು ಕಂಡದ್ದು 1979ರಲ್ಲಿ, ಮಿಂಗಸ್ ತೀರಿಕೊಂಡ ವರ್ಷ. ಈಗ ಸ್ಟ್ರೀಮಿಂಗ್‌ನಲ್ಲೂ ಸಿಡಿಯಲ್ಲೂ ಎರಡು ಬಗೆಯವೂ ಓಡಾಡುತ್ತಿವೆ. ಗುರುತು ಹಿಡಿಯಲು ‘ಬರ್ಡ್ ಕಾಲ್ಸ್’ ಒಂದನ್ನೇ ನೋಡಿದರೆ ಸಾಕು: 3 ನಿಮಿಷ 12 ಸೆಕೆಂಡು ಇದ್ದರೆ ಕತ್ತರಿಸಿದ್ದು, 6 ನಿಮಿಷ 17 ಸೆಕೆಂಡು ಇದ್ದರೆ ಪೂರ್ಣ. ‘ಪುಸ್ಸಿಕ್ಯಾಟ್ ಡ್ಯೂಸ್’ ಕತ್ತರಿಸಿದಾಗ 6:27, ಪೂರ್ಣ 9:14. ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ 4:46 ಮತ್ತು 5:44. 1998ರ ಕೊಲಂಬಿಯಾ ಲೆಗಸಿ ಸಿಡಿಯಲ್ಲಿ ಪೂರ್ಣ ರೂಪಗಳ ಜೊತೆಗೆ ಇನ್ನೂ ಮೂರು ರಚನೆಗಳಿವೆ. ಅವು ಮೂಲ ಆಲ್ಬಮ್‌ನವಲ್ಲ, ಮೊದಲ ಕೇಳಿಕೆಯಲ್ಲಿ ಬಿಟ್ಟುಬಿಡಿ.

ಕಲಿಯುವುದಕ್ಕೆ ಪೂರ್ಣ ರೂಪವೇ ಮೇಲು. ಒಂದೇ ಸುತ್ತು ಮತ್ತೆ ಮತ್ತೆ ಬರುವುದರಿಂದ ಬೇಸ್ ಪ್ರತಿ ಸುತ್ತಿನಲ್ಲಿ ಏನು ಬದಲಿಸುತ್ತದೆ ಎಂದು ಹೋಲಿಸಿ ನೋಡಬಹುದು. ‘ಬೂಗಿ ಸ್ಟಾಪ್ ಶಫಲ್’ ಮಾತ್ರ 3:41ರ ಗಿಡ್ಡ ರೂಪದಲ್ಲೇ ಹೆಚ್ಚು ಬಿಗಿಯಾಗಿದೆ.

ಬೇಸ್ ಕೇಳಿಸುವಂತೆ ಮಾಡಿಕೊಳ್ಳುವುದು

ಡಬಲ್ ಬೇಸ್‌ನ ನಾಲ್ಕು ತಂತಿಗಳನ್ನು ಬೆರಳಿಡದೆ ಮೀಟಿದರೆ ಬರುವ ಸ್ವರಗಳು ಇ, ಎ, ಡಿ, ಜಿ. ಅವುಗಳ ಕಂಪನ ಕ್ರಮವಾಗಿ 41, 55, 73 ಮತ್ತು 98 ಹರ್ಟ್ಸ್. ಮೊಬೈಲ್ ಫೋನಿನ ಸ್ಪೀಕರ್ 200 ಹರ್ಟ್ಸ್‌ನಿಂದ ಕೆಳಗೆ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಆದರೂ ಫೋನಿನಲ್ಲಿ ಬೇಸ್ ಕೇಳಿದಂತೆ ಅನ್ನಿಸುವುದು ಮೇಲಿನ ಉಪಸ್ವರಗಳಿಂದ ಮೆದುಳು ತಳದ ಸ್ವರವನ್ನು ಊಹಿಸಿಕೊಳ್ಳುವುದರಿಂದ. ರಾಗದ ಎಳೆ ತಿಳಿಯಲು ಈ ಊಹೆ ಸಾಕು. ಬೇಸ್ ಸ್ವರ ಎಷ್ಟು ಹೊತ್ತು ನಿಂತಿತು, ಎಲ್ಲಿ ಕೈಯಿಂದ ಅದುಮಿ ನಿಲ್ಲಿಸಿದರು ಎಂಬುದು ತಿಳಿಯುವುದಿಲ್ಲ. ಸಣ್ಣ ಬ್ಲೂಟೂತ್ ಡಬ್ಬಿಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ಅವು ತಳದ ದನಿಯನ್ನು ಕೃತಕವಾಗಿ ಉಬ್ಬಿಸಿ, ಜೋರಾದಾಗ ತಾವೇ ಅದುಮುತ್ತವೆ. ಹೀಗಾಗಿ ಮಿಂಗಸ್ ಮೆಲ್ಲಗೆ ಮೀಟಿದ್ದೂ ಬಲವಾಗಿ ಮೀಟಿದ್ದೂ ಒಂದೇ ತೂಕದಲ್ಲಿ ಬರುತ್ತವೆ.

ಕಡಿಮೆ ಖರ್ಚಿನ ಒಳ್ಳೆಯ ದಾರಿ ಎಂದರೆ ಕಿವಿಯೊಳಗೆ ಕೂರುವ ಇಯರ್‌ಫೋನ್. ಅದರ ರಬ್ಬರ್ ತುದಿ ಕಿವಿಯ ದ್ವಾರವನ್ನು ಪೂರ್ತಿ ಮುಚ್ಚಬೇಕು. ಸ್ವಲ್ಪ ಸಂದಿ ಉಳಿದರೂ ಮೊದಲು ಸೋರಿಹೋಗುವುದು ಬೇಸ್. ಇಯರ್‌ಫೋನನ್ನು ಬೆರಳಿನಿಂದ ಒಳಕ್ಕೆ ಒತ್ತಿ ನೋಡಿ. ಒತ್ತಿದಾಗ ಬೇಸ್ ಹೆಚ್ಚಿದರೆ ಡಬ್ಬಿಯಲ್ಲಿರುವ ಒಂದಳತೆ ದೊಡ್ಡ ತುದಿ ಹಾಕಿಕೊಳ್ಳಿ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ‘ಬೇಸ್ ಬೂಸ್ಟ್’, ‘ಈಕ್ವಲೈಜರ್’, ‘ಸರೌಂಡ್’ ಎಲ್ಲ ಆರಿಸಿ. ಆಪ್‌ನಲ್ಲಿ ಎಲ್ಲ ಹಾಡುಗಳ ದನಿ ಸಮ ಮಾಡುವ ಸೌಲಭ್ಯವಿದ್ದರೆ ಅದನ್ನು ‘ಲೌಡ್’ನಲ್ಲಿ ಇಡಬೇಡಿ, ಅಲ್ಲಿ ದನಿಯ ಏರಿಳಿತ ಅದುಮಿಹೋಗುತ್ತದೆ. ಡೇಟಾ ಉಳಿಸುವ ಕಡಿಮೆ ಗುಣಮಟ್ಟದಿಂದ ಬೇಸ್‌ಗೆ ಹೆಚ್ಚು ಪೆಟ್ಟು ಬೀಳದು, ಪೆಟ್ಟು ಬೀಳುವುದು ಡ್ರಮ್ ಜೊತೆಗಿನ ಲೋಹದ ತಟ್ಟೆಗೆ, ಅಂದರೆ ಸಿಂಬಲ್‌ಗೆ. ಡ್ರಮ್ ವಾದಕ ಡ್ಯಾನಿ ರಿಚ್ಮಂಡ್ ಅವರ ಸಿಂಬಲ್ ನೀರು ಚಿಮ್ಮಿದ ಹಾಗೆ ಕಲಸಿಕೊಂಡರೆ ಗುಣಮಟ್ಟ ಏರಿಸಿ.

ಸ್ಪೀಕರ್ ಇದ್ದವರಿಗೆ ಕೋಣೆಯೇ ದೊಡ್ಡ ಸಮಸ್ಯೆ. ನಮ್ಮ ಮನೆಗಳ 10 ಅಡಿ ಅಗಲ, 12 ಅಡಿ ಉದ್ದದ ಕಾಂಕ್ರೀಟ್ ಕೋಣೆಯನ್ನೇ ತೆಗೆದುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಆ ದಿಕ್ಕಿನಲ್ಲಿ ಸುಮಾರು 56 ಹರ್ಟ್ಸ್ ಅನುರಣಿಸುತ್ತದೆ. 12 ಅಡಿಯ ದಿಕ್ಕಿನಲ್ಲಿ ಸುಮಾರು 47. ಬೇಸ್‌ನ ಎ ತಂತಿ 55 ಹರ್ಟ್ಸ್ ಎಂದು ಮೇಲೆ ಹೇಳಿತ್ತಲ್ಲ, ಅದು ಬಂದಾಗಲೆಲ್ಲ ಈ ಕೋಣೆ ಗುಂಯ್‌ಗುಡುತ್ತದೆ. ಹಿಂದಿನ ಗೋಡೆಗೆ ಒರಗಿ ಕುಳಿತರೆ ಆ ಸ್ವರ ಊದಿಕೊಳ್ಳುತ್ತದೆ, ಎರಡು ಗೋಡೆಗಳ ಸರಿಯಾದ ನಡುವೆ ಕುಳಿತರೆ ಮಾಯವಾಗುತ್ತದೆ. ಒಂದೇ ಸ್ವರ ಉಬ್ಬಿ ಪಕ್ಕದ ಸ್ವರಗಳು ಸಣ್ಣದಾಗಿದ್ದರೆ ಅದು ವಾದಕರ ಬೆರಳಿನದಲ್ಲ, ಕೋಣೆಯದು. ಕುರ್ಚಿಯನ್ನು ಹಿಂದಿನ ಗೋಡೆಯಿಂದ ಮೂರೂವರೆ ಅಡಿಯಷ್ಟು ಮುಂದಕ್ಕೆ ತನ್ನಿ, ಅಲ್ಲಿಂದ ಅರ್ಧರ್ಧ ಅಡಿ ಸರಿಸುತ್ತ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುವ ಜಾಗ ಹುಡುಕಿ. ಸ್ಪೀಕರನ್ನು ಮೂಲೆಗೆ ತಳ್ಳಬೇಡಿ. ಗೋಡೆಯಿಂದ ಒಂದೂವರೆ ಅಡಿಯಾದರೂ ಇರಲಿ. ಗೋಡೆಗೆ ಅಂಟಿಸುವ ತೆಳು ಫೋಮ್ ಇದಕ್ಕೆ ಕೆಲಸ ಮಾಡದು. 55 ಹರ್ಟ್ಸ್‌ನ ಅಲೆಯ ಉದ್ದವೇ 6 ಮೀಟರ್ ಮೀರುತ್ತದೆ, ಎರಡಿಂಚಿನ ಫೋಮ್ ಅದನ್ನು ಮುಟ್ಟುವುದೂ ಇಲ್ಲ.

ದನಿ ತೀರ ಸಣ್ಣದಾಗಿಡಬೇಡಿ. ಮೆಲುದನಿಯಲ್ಲಿ ನಮ್ಮ ಕಿವಿಗೆ ತಳದ ಸ್ವರಗಳು ಉಳಿದವಕ್ಕಿಂತ ಬೇಗ ಕಾಣೆಯಾಗುತ್ತವೆ. ಪಕ್ಕದಲ್ಲಿದ್ದವರ ಜೊತೆ ಮಾತಾಡಲು ಗಂಟಲು ತುಸು ಏರಿಸಬೇಕಾಗುವಷ್ಟು ಇದ್ದರೆ ಸರಿ.

ಎಣಿಕೆ: ಮೊದಲ ಪಾಠ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’

ಆಲ್ಬಮ್‌ನ ಮೊದಲ ಹಾಡಿನಿಂದ ಶುರು ಮಾಡಬೇಡಿ, ಎರಡನೆಯದರಿಂದ ಮಾಡಿ. 1959ರ ಮಾರ್ಚ್‌ನಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ನೆನಪಿಗೆ ಕಟ್ಟಿದ ವಿಳಂಬ ನಡೆಯ ರಚನೆ ಇದು. ಒಂದೊಂದು ಸ್ವರಕ್ಕೂ ಜಾಗವಿದೆ, ಕಿವಿಗೆ ಅವಸರವಿಲ್ಲ.

ಒಂದು ಸುತ್ತು 12 ಬಾರ್ (ಬಾರ್ ಎಂದರೆ ಎಣಿಕೆಗಳ ಒಂದು ಗುಂಪು), ಒಂದೊಂದು ಬಾರಿಗೆ 4 ಎಣಿಕೆ, ಒಟ್ಟು 48. ಆದಿತಾಳ ಹಾಕಿ ರೂಢಿಯಿದ್ದವರಿಗೆ ಇದು ಸರಿಯಾಗಿ ಆರು ಆವರ್ತ. ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ: ಆರನೆಯ ಆವರ್ತ ಮುಗಿದು ಸಮಕ್ಕೆ ಬರುವಾಗ ರಾಗವೂ ಮೊದಲಿನ ಜಾಗಕ್ಕೆ ಮರಳಿರಬೇಕು. ಮರಳಿರದಿದ್ದರೆ ನೀವು ಶುರು ಮಾಡಿದ ಜಾಗ ತಪ್ಪಿದೆ; ಹಿಂದಕ್ಕೆ ಹೋಗಿ ಮತ್ತೆ ಹಿಡಿಯಿರಿ. ಒಂದು ಎಚ್ಚರ. ಜಾಝ್‌ನಲ್ಲಿ ಒತ್ತು ಸಾಮಾನ್ಯವಾಗಿ ಬಾರಿನ 2 ಮತ್ತು 4ನೇ ಎಣಿಕೆಯ ಮೇಲೆ ಬೀಳುತ್ತದೆ, ಡ್ರಮ್ ವಾದಕರು ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್, ಅಂದರೆ ಹೈ-ಹ್ಯಾಟ್, ಮುಚ್ಚುವುದು ಅಲ್ಲೇ. ಆದಿತಾಳದ ಉತ್ತರಾಂಗದಲ್ಲಿ (ಕೊನೆಯ ನಾಲ್ಕು ಅಕ್ಷರಗಳಲ್ಲಿ) ಅದು ಕೈ ತಟ್ಟುವ ಘಾತದ ಮೇಲಲ್ಲ, ಕೈ ಮಗುಚುವ ಹುಸಿಯ ಮೇಲೆ ಬರುತ್ತದೆ. ಕರ್ನಾಟಕ ಸಂಗೀತದ ಕಿವಿ ಇರುವವರು ಅಭ್ಯಾಸಬಲದಿಂದ ಆ ‘ಟಿಕ್’ ಅನ್ನೇ ಘಾತವೆಂದುಕೊಂಡು ಒಂದು ಅಕ್ಷರ ಹಿಂದೆಮುಂದೆ ಆಗಿಬಿಡುತ್ತಾರೆ. ಎಣಿಕೆ ಜಾರುವುದಕ್ಕೆ ಇದೇ ಮುಖ್ಯ ಕಾರಣ. ಹೈ-ಹ್ಯಾಟ್ ಬಿಟ್ಟು ಬೇಸ್ ಹಿಡಿದರೆ ಜಾರುವುದಿಲ್ಲ, ಏಕೆಂದರೆ ಬಾರಿನ ಒಂದನೇ ಎಣಿಕೆಗೆ ನೆಲ ಹಾಕಿಕೊಡುವುದು ಅದೇ.

ತಾಳ ಕೂತ ಮೇಲೆ ಈ ರಚನೆಯ ಅಸಲು ಸೊಗಸನ್ನು ಹಿಡಿಯಬಹುದು. ತಂಬೂರಿ ಆಪ್ ತೆರೆದು ಶ್ರುತಿಯನ್ನು ಕಪ್ಪು ಎರಡಕ್ಕೆ, ಅಂದರೆ ಇ ಫ್ಲ್ಯಾಟ್‌ಗೆ ಇಡಿ. ಹಳೆಯ ಟೇಪಾದ್ದರಿಂದ ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಬೇಕಾಗಬಹುದು. ಈಗ ಸ್ಯಾಕ್ಸ್‌ಗಳ ರಾಗವನ್ನು ಆ ಶ್ರುತಿಯ ಮೇಲೆ ಕೇಳಿ: ಬಹುಪಾಲು ಶ್ರುತಿಗೆ ಒಗ್ಗಿಕೊಂಡೇ ಹೋಗುತ್ತದೆ, ಕೆಲವೇ ಸ್ವರಗಳಲ್ಲಿ ಓಡಾಡುವ ಸರಳ ರಾಗ. ಬಳಿಕ ಬೇಸ್ ಮಾತ್ರ ಕೇಳಿ. ಅದು ಶ್ರುತಿಯಲ್ಲಿ ನಿಲ್ಲುವುದೇ ಇಲ್ಲ. ಬಾರಿಗೆ ಹೆಚ್ಚುಕಡಿಮೆ ಎರಡು ಸಲ ತಳವನ್ನೇ ಬದಲಿಸುತ್ತ ದೂರ ಹೋಗಿ ಸುತ್ತಿನ ಕೊನೆಗೆ ಮನೆಗೆ ಬರುತ್ತದೆ. ನಮ್ಮಲ್ಲಿ ಷಡ್ಜ ಅಲುಗದೆ ನಿಂತು ಉಳಿದ ಸ್ವರಗಳಿಗೆ ಬಣ್ಣ ಕೊಡುತ್ತದೆ. ಇಲ್ಲಿ ಮೇಲಿನ ಸ್ವರ ನಿಂತಿದ್ದರೂ ಕೆಳಗಿನ ನೆಲ ಸರಿಯುವುದರಿಂದ ಅದರ ಬಣ್ಣ ಬದಲಾಗುತ್ತದೆ. ಆ ಶೋಕದ ಛಾಯೆ ಹುಟ್ಟುವುದು ರಾಗದಲ್ಲಿ ಅಷ್ಟಾಗಿ ಅಲ್ಲ, ನೆಲ ಹೀಗೆ ಸರಿಯುವುದರಲ್ಲಿ. ತಂಬೂರಿಯನ್ನು ಆರಿಸಿ ಇನ್ನೊಮ್ಮೆ ಕೇಳಿ, ಆಮೇಲೆ ಜಾನ್ ಹ್ಯಾಂಡಿಯವರ ಟೆನರ್ ಸ್ಯಾಕ್ಸ್ ಸೋಲೋಗೆ (ಒಬ್ಬರೇ ಮುಂದೆ ನಿಂತು ಮನೋಧರ್ಮದಿಂದ ನುಡಿಸುವ ಭಾಗಕ್ಕೆ) ಹೋಗಿ. ಸೋಲೋ ನಡೆಯುವಾಗಲೂ ಬಾಯಲ್ಲಿ ಮೂಲ ರಾಗವನ್ನು ಗುನುಗುತ್ತಿರಿ; 12 ಬಾರಿನ ಸುತ್ತು ಎಲ್ಲೂ ಕಡಿದಿಲ್ಲವೆಂದು ಗೊತ್ತಾಗುತ್ತದೆ.

ಬೇಸೋ, ಪಿಯಾನೋ ಎಡಗೈಯೋ?

ಕೇಳುಗರು ಹೆಚ್ಚಾಗಿ ಎಡವುವುದು ಇಲ್ಲಿ. ಪಿಯಾನೋ ನುಡಿಸಿದ ಹೊರೇಸ್ ಪಾರ್ಲನ್ ಅವರ ಬಲಗೈಗೆ ಬಾಲ್ಯದ ಪೋಲಿಯೊದಿಂದ ಪೂರ್ತಿ ಶಕ್ತಿ ಇರಲಿಲ್ಲ. ಅದನ್ನು ತುಂಬಿಕೊಳ್ಳಲು ಅವರು ಎಡಗೈಯನ್ನು ಬಲವಾಗಿ ಬೆಳೆಸಿಕೊಂಡಿದ್ದರು. ಹಾಗಾಗಿ ಈ ಆಲ್ಬಮ್‌ನಲ್ಲಿ ಪಿಯಾನೋದ ಕೆಳಭಾಗ ದಪ್ಪವಾಗಿ, ಬೇಸ್‌ಗೆ ಒತ್ತಿಕೊಂಡೇ ಇದೆ. ಬೇರ್ಪಡಿಸಲು ಸ್ವರದ ಹುಟ್ಟು ಕೇಳಿ. ಬೇಸ್‌ನಲ್ಲಿ ಬೆರಳು ತಂತಿಯನ್ನು ಬಿಡುವ ಸಣ್ಣ ‘ತುಪ್’ ಮೊದಲು, ದುಂಡು ದನಿ ಆಮೇಲೆ. ಪಿಯಾನೋದಲ್ಲಿ ಎರಡೂ ಒಂದೇ ಕ್ಷಣಕ್ಕೆ, ಅಂಚು ಗಟ್ಟಿ. ಟ್ರಾಂಬೋನ್ ಆದರೆ ಸ್ವರ ಹುಟ್ಟಿದ ಮೇಲೂ ಉಸಿರಿನ ಬಲದಲ್ಲಿ ಸಮನಾಗಿ ನಿಲ್ಲುತ್ತದೆ. ಬೇಸ್ ಮೀಟಿದ ಗಳಿಗೆಯಿಂದಲೇ ಇಳಿಯತೊಡಗುತ್ತದೆ.

ಇಷ್ಟಾದರೂ ಬೇರೆಯಾಗದಿದ್ದರೆ ಈ ಆಲ್ಬಮನ್ನು ಒಂದೆರಡು ದಿನ ಬದಿಗಿಟ್ಟು 1960ರ ಅಕ್ಟೋಬರ್‌ನಲ್ಲಿ ಕ್ಯಾಂಡಿಡ್ ಸಂಸ್ಥೆಗಾಗಿ ಮುದ್ರಿಸಿದ ‘ಚಾರ್ಲ್ಸ್ ಮಿಂಗಸ್ ಪ್ರೆಸೆಂಟ್ಸ್ ಚಾರ್ಲ್ಸ್ ಮಿಂಗಸ್’ ಕೇಳಿ. ಅದರಲ್ಲಿ ಪಿಯಾನೋ ಇಲ್ಲ. ಊದುವಾದ್ಯಗಳಲ್ಲಿ ಎರಿಕ್ ಡಾಲ್ಫಿ ಮತ್ತು ಟೆಡ್ ಕರ್ಸನ್, ಜೊತೆಗೆ ರಿಚ್ಮಂಡ್, ಮಿಂಗಸ್ ನಾಲ್ಕೇ ಜನ. ಬೇಸ್ ಬಿಡಿಯಾಗಿ ಕೈಗೆ ಸಿಗುತ್ತದೆ. ಆ ದನಿ ಗುರುತಾದ ಮೇಲೆ ಇಲ್ಲಿಗೆ ಬಂದರೆ ಏಳು ಜನರ ನಡುವೆಯೂ ಅದು ತಾನಾಗಿ ಎದ್ದು ಬರುತ್ತದೆ.

ನಡಿಗೆ ಬೇಸ್ ಹಿಡಿಯುವುದು

ಬಾರಿಗೆ ನಾಲ್ಕು ಸಮ ಸ್ವರ ಇಟ್ಟುಕೊಂಡು ಹೋಗುವುದನ್ನು ‘ವಾಕಿಂಗ್ ಬೇಸ್’ ಎನ್ನುತ್ತಾರೆ. ನಾಲ್ಕನ್ನೂ ಒಟ್ಟಿಗೆ ಹಿಡಿಯಲು ಹೋದರೆ ಒಂದೂ ಸಿಗದು. ಮೊದಲ ಸಲ ಕೇಳುವಾಗ ಬಾರಿನ 1ನೇ ಎಣಿಕೆಯ ಸ್ವರ ಮಾತ್ರ ಬಾಯಲ್ಲಿ ಹಾಡಿ, ಉಳಿದ ಮೂರಕ್ಕೆ ಸುಮ್ಮನಿರಿ. ಬಹಳ ಸಲ ಅದು ಆ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಆಧಾರ ಸ್ವರವೇ ಆಗಿರುತ್ತದೆ. ಎರಡನೇ ಸಲ 1 ಮತ್ತು 3. ಮೂರನೇ ಸಲ 4ನೆಯದರ ಮೇಲೆ ಕಿವಿ ಇಡಿ: ಮುಂದಿನ ಬಾರಿನ ಸ್ವರಕ್ಕೆ ಅರ್ಧ ಸ್ವರ ಮೇಲಿನಿಂದಲೋ ಕೆಳಗಿನಿಂದಲೋ ಬಂದು ಮುಟ್ಟುವ ಮೆಟ್ಟಿಲು ಹೆಚ್ಚಾಗಿ ಅದೇ. 2ನೆಯದು ಕೊನೆಗೆ ಸಾಕು.

ಇದಕ್ಕೆ ‘ಜೆಲ್ಲಿ ರೋಲ್’ ಒಳ್ಳೆಯ ಅಭ್ಯಾಸ. ನ್ಯೂ ಆರ್ಲಿಯನ್ಸ್‌ನ ಹಳೆಯ ತಲೆಮಾರಿನ ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್ ಅವರಿಗೆ ಗೌರವವಾಗಿ ಕಟ್ಟಿದ ಇದರ ಪಲ್ಲವಿ ಹಳೆಯ ಕಾಲದ ಎರಡೆಣಿಕೆಯ ನಡೆಯಲ್ಲಿದೆ. ಬೇಸ್ ತಂತಿಯನ್ನು ಎಳೆದು ಹಲಗೆಗೆ ಬಡಿಯುವಂತೆ ಬಿಡುವ ‘ಸ್ಲ್ಯಾಪ್’ ಚಟಾರ್ ಎಂದು ಕೇಳಿಸುತ್ತದೆ. ಸೋಲೋಗಳಿಗೆ ಬಂದಾಗ ಅದೇ ಬೇಸ್ ನಾಲ್ಕೆಣಿಕೆಯ ನಡಿಗೆಗೆ ತಿರುಗುತ್ತದೆ. ಎರಡರಿಂದ ನಾಲ್ಕಕ್ಕೆ ಹೊರಳುವ ಜಾಗವನ್ನು ಹತ್ತು ಸಲ ಹಿಂದೆಮುಂದೆ ಮಾಡಿ ಕೇಳಿ. ಜಾಝ್ ಚರಿತ್ರೆಯ ಎರಡು ಕಾಲಗಳ ನಡುವಿನ ವ್ಯತ್ಯಾಸ ಅಷ್ಟರಲ್ಲೇ ಕಿವಿಗೆ ತಿಳಿಯುತ್ತದೆ.

‘ಬೂಗಿ ಸ್ಟಾಪ್ ಶಫಲ್’ ಕೂಡ 12 ಬಾರಿನದೇ, ನಡೆ ಮಾತ್ರ ಬಿರುಸು. ಪಿಯಾನೋ ಎಡಗೈಗೆ ಹುಟ್ಟಿದ ಬೂಗಿ-ವೂಗಿ ಎಳೆಯನ್ನು ಇಲ್ಲಿ ಬೇಸ್ ಜೊತೆ ಊದುವಾದ್ಯಗಳೂ ಹೊತ್ತಿವೆ. ಎಳೆಯನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡರೆ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವಾಗ ಬಿಟ್ಟುಹೋಯಿತು ಎಂದು ಹಿಂಬಾಲಿಸುವುದೇ ಸಂಭ್ರಮ.

ಉಳಿದವು

‘ಬೆಟರ್ ಗಿಟ್ ಇಟ್ ಇನ್ ಯುವರ್ ಸೋಲ್’ಗೆ ನಾಲ್ಕರ ಎಣಿಕೆ ಹಾಕಬೇಡಿ, ತಿಸ್ರ ಹಾಕಿ: ಬಾರಿಗೆ ‘ತಕಿಟ ತಕಿಟ’. ಬೇಸ್ ಒಂಟಿಯಾಗಿ ಶುರು ಮಾಡುತ್ತದೆ, ಅಲ್ಲೇ ‘ತಕಿಟ’ ಕೂರಿಸಿಕೊಂಡುಬಿಡಿ. ಎಲ್ಲರೂ ಸೇರಿದ ಮೇಲೆ ಹುಡುಕುವುದು ಕಷ್ಟ. ಮಿಂಗಸ್ ನಡುನಡುವೆ ಕೂಗುವುದು ಕೇಳುತ್ತದೆ. ಕಪ್ಪು ಜನರ ಚರ್ಚುಗಳಲ್ಲಿ ಭಕ್ತರು ಪ್ರವಚನಕ್ಕೆ ದನಿಗೂಡಿಸುವ ರೀತಿ ಅದು, ರಚನೆಯ ಭಾಗವೇ. ಬುಕರ್ ಅರ್ವಿನ್ ಅವರ ಟೆನರ್ ಸೋಲೋದಲ್ಲಿ ಒಂದೆಡೆ ಆಧಾರಕ್ಕೆ ಚಪ್ಪಾಳೆ ಮತ್ತು ಡ್ರಮ್ ಮಾತ್ರ ಉಳಿಯುತ್ತವೆ. ಬೇಸ್ ಇಲ್ಲದಿದ್ದಾಗ ಏನಾಗುತ್ತದೆ ಎಂದು ತಿಳಿಯಬೇಕಾದರೆ ಆ ಜಾಗ, ಅದು ಮರಳಿದಾಗ ಏನಾಗುತ್ತದೆ ಎಂದು ತಿಳಿಯಬೇಕಾದರೆ ಅದರ ಮುಂದಿನ ಜಾಗ.

‘ಸೆಲ್ಫ್-ಪೋರ್ಟ್ರೇಟ್ ಇನ್ ತ್ರೀ ಕಲರ್ಸ್’ನಲ್ಲಿ ಸೋಲೋ ಇಲ್ಲ, ಎಲ್ಲವೂ ಮೊದಲೇ ಬರೆದದ್ದು. ಒಂದೇ ರಾಗ ಮೂರು ಸಲ ಬರುತ್ತದೆ. ಎರಡನೇ ಸಲ ಅದರ ಮೇಲೆ ಇನ್ನೊಂದು ಎಳೆ, ಮೂರನೇ ಸಲ ಮತ್ತೊಂದು. ಮೂರು ನಿಮಿಷದ ತುಣುಕು, ಮೂರು ಸಲ ಕೇಳಿ, ಸಲಕ್ಕೊಂದು ಎಳೆ.

‘ಫೇಬಲ್ಸ್ ಆಫ್ ಫಾಬಸ್’ಗೆ ಹಿನ್ನೆಲೆ ಗೊತ್ತಿರಬೇಕು. 1957ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಗವರ್ನರ್ ಆರ್ವಲ್ ಫಾಬಸ್, ಲಿಟಲ್ ರಾಕ್ ಸೆಂಟ್ರಲ್ ಹೈಸ್ಕೂಲಿಗೆ ಸೇರಬೇಕಿದ್ದ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ನ್ಯಾಷನಲ್ ಗಾರ್ಡ್ ಪಡೆ ಕಳಿಸಿದ. ಮಿಂಗಸ್ ಬರೆದ ಅಣಕದ ಸಾಹಿತ್ಯವನ್ನು ಆಲ್ಬಮ್ ಹೊರತಂದ ಕೊಲಂಬಿಯಾ ಸಂಸ್ಥೆ ಒಪ್ಪಲಿಲ್ಲವೆಂಬ ಮಾತಿದೆ. ಈ ಆಲ್ಬಮ್‌ನಲ್ಲಿರುವುದು ಬರೀ ವಾದ್ಯ. ಮಾತಿಲ್ಲದಿದ್ದರೂ ಅಣಕ ಉಳಿದಿದೆ. ಪಲ್ಲವಿಯ ನಡೆ ಬೇಕೆಂದೇ ಒಡ್ಡೊಡ್ಡಾಗಿ ತೂರಾಡುತ್ತದೆ, ನಡುವೆ ಬೇಸ್ ನಯವಾದ ನಡಿಗೆಗೆ ಬಂದಾಗ ಆ ಒಡ್ಡುತನ ಇನ್ನೂ ಎದ್ದು ಕಾಣುತ್ತದೆ. ಸಾಹಿತ್ಯ ಸಮೇತ ಕೇಳಲು ಮೇಲೆ ಹೇಳಿದ ಕ್ಯಾಂಡಿಡ್ ಆಲ್ಬಮ್‌ಗೇ ಹೋಗಬೇಕು. ಅಲ್ಲಿ ಇದೇ ರಚನೆಯನ್ನು ಮಿಂಗಸ್ ಮತ್ತು ರಿಚ್ಮಂಡ್ ಸವಾಲು-ಜವಾಬಿನಂತೆ ಹಾಡಿದ್ದಾರೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ.

‘ಬರ್ಡ್ ಕಾಲ್ಸ್’ ವೇಗವಾದದ್ದು, ಅದನ್ನು ಕೊನೆಗಿಟ್ಟುಕೊಳ್ಳಿ.

ನುಡಿಸುವವರಿಗೆ: ಬೇಸ್ ಎಳೆ ಬರೆದುಕೊಳ್ಳುವುದು

ನಿಮ್ಮದೇ ಸಿಡಿ ಅಥವಾ ಖರೀದಿಸಿದ ಫೈಲ್ ಇದ್ದರೆ ಉಚಿತ ತಂತ್ರಾಂಶ ಆಡಾಸಿಟಿ ಸಾಕು. ಪೂರ್ತಿ ಹಾಡು ಬೇಡ, ಒಂದು ಸುತ್ತು ಆಯ್ದುಕೊಳ್ಳಿ. ‘ಲೋ-ಪಾಸ್ ಫಿಲ್ಟರ್’ನಲ್ಲಿ 250 ಹರ್ಟ್ಸ್ ಕೊಡಿ, ಆಮೇಲೆ ‘ಚೇಂಜ್ ಪಿಚ್’ನಲ್ಲಿ 12 ಸೆಮಿಟೋನ್, ಅಂದರೆ ಒಂದು ಸ್ಥಾಯಿ ಏರಿಸಿ. ಈಗ 41 ಹರ್ಟ್ಸ್‌ನ ಇ 82ಕ್ಕೆ ಬರುತ್ತದೆ, ಗಿಟಾರ್‌ನ ದಪ್ಪ ತಂತಿಯ ಮಟ್ಟ. ಸ್ವರ ಗುರುತಿಸುವುದು ಬಹಳ ಸುಲಭ. ವೇಗ ಹೆಚ್ಚೆನಿಸಿದರೆ ‘ಚೇಂಜ್ ಟೆಂಪೊ’ದಲ್ಲಿ 30 ಶೇಕಡ ಇಳಿಸಿ. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಸ್ವರಗಳ ಅಂಚು ಕರಗಿ ಉಪಯೋಗಕ್ಕೆ ಬಾರದು.

ಸ್ವರ ಸಿಕ್ಕಿ ಲಯ ಸಿಗದಿದ್ದರೆ ತಪ್ಪು ಫಿಲ್ಟರಿನಲ್ಲಿದೆ. ಬೆರಳಿನ ‘ತುಪ್’ ಇರುವುದು ಮೇಲಿನ ಕಂಪನಗಳಲ್ಲಿ. 250ಕ್ಕೆ ಕತ್ತರಿಸಿದಾಗ ಅದೂ ಹೋಗಿ ಎಲ್ಲ ಸ್ವರಗಳೂ ತಡವಾಗಿ ಹುಟ್ಟಿದಂತೆ ಕಾಣುತ್ತವೆ. ಸ್ವರಕ್ಕೆ ಫಿಲ್ಟರ್ ಹಾಕಿದ್ದು, ಲಯಕ್ಕೆ ಮೂಲ ಮುದ್ರಣ, ಹೀಗೆ ಎರಡನ್ನೂ ಇಟ್ಟುಕೊಂಡು ಕೆಲಸ ಮಾಡಿ. ವಾದ್ಯಗಳನ್ನು ಬೇರ್ಪಡಿಸುವ ಎಐ ತಂತ್ರಾಂಶಗಳೂ ಇವೆ. ಎಲ್ಲರೂ ಒಂದೇ ಕೋಣೆಯಲ್ಲಿ ನುಡಿಸಿದ ಮುದ್ರಣವಾದ್ದರಿಂದ ಪಾರ್ಲನ್ ಅವರ ಎಡಗೈ, ಟ್ರಾಂಬೋನಿನ ಕೆಳಸ್ವರಗಳು ಬೇಸ್‌ನ ಫೈಲಿಗೆ ನುಸುಳುತ್ತವೆ. ಅನುಮಾನ ಬಂದ ಸ್ವರವನ್ನು ಮೂಲದಲ್ಲಿ ನೋಡದೆ ಬರೆಯಬೇಡಿ. ಪಾಶ್ಚಾತ್ಯರ ಐದು ಗೆರೆಗಳ ಸ್ಟಾಫ್ ಲಿಪಿಯಲ್ಲಿ ಬರೆಯುವವರು ಡಬಲ್ ಬೇಸ್ ಸ್ವರವನ್ನು ಕೇಳುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆಯುವ ರೂಢಿ ಪಾಲಿಸಬೇಕು.

ಬರೆದದ್ದನ್ನು ಹಾಳೆ ನೋಡದೆ ಹಾಡಲು ಬರಬೇಕು. ಮಿಂಗಸ್ ತಮ್ಮ ‘ಜಾಝ್ ವರ್ಕ್‌ಶಾಪ್’ ತಂಡಗಳಿಗೆ ಎಳೆಗಳನ್ನು ಪಿಯಾನೋದಲ್ಲಿ ನುಡಿಸಿ, ಹಾಡಿ, ಕಿವಿಯಿಂದಲೇ ಕಲಿಸುತ್ತಿದ್ದರು. ಹಾಳೆ ನೋಡಿ ನುಡಿಸಿದಾಗ ಈ ಸಂಗೀತದ ಬಿಗಿ ಸಡಿಲವಾಗುವುದಕ್ಕೆ ಅದೇ ಕಾರಣ.

ಇದಾದ ಮೇಲೆ

ಮುಂದಿನ ಮೆಟ್ಟಿಲು 1963ರ ಜನವರಿ 20ರಂದು ಹನ್ನೊಂದು ಜನ ಸೇರಿ ಮುದ್ರಿಸಿದ ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’. ಅದರಲ್ಲಿ ಆಲ್ಟೊ ಸ್ಯಾಕ್ಸ್ ನುಡಿಸಿದ ಚಾರ್ಲಿ ಮರಿಯಾನೊ ಅವರೇ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ, ಆರ್.ಎ. ರಮಾಮಣಿಯವರ ಗಾಯನ ಮತ್ತು ಟಿ.ಎ.ಎಸ್. ಮಣಿಯವರ ಮೃದಂಗದೊಂದಿಗೆ 1983ರಲ್ಲಿ ‘ಜ್ಯೋತಿ’ ಮುದ್ರಿಸಿದರು. ಕರ್ನಾಟಕ ಸಂಗೀತದ ಕಡೆಯಿಂದ ಬರುವವರು ‘ಜ್ಯೋತಿ’ಯಲ್ಲಿ ಅವರ ಆಲ್ಟೊ ದನಿಯನ್ನು ಪರಿಚಯ ಮಾಡಿಕೊಂಡು ಆಮೇಲೆ ಮಿಂಗಸ್‌ಗೆ ಹೋಗುವುದು ಒಳ್ಳೆಯ ದಾರಿ. ‘ಬ್ಲ್ಯಾಕ್ ಸೇಂಟ್’ನಲ್ಲಿ ಬೇಸ್ ಹಿಡಿಯುವುದು ‘ಆ ಉಮ್’ಗಿಂತ ಕಷ್ಟ, ಏಕೆಂದರೆ ಡಾನ್ ಬಟರ್‌ಫೀಲ್ಡ್ ಅವರ ಟ್ಯೂಬಾ ಅದೇ ಕೆಳಸ್ಥಾಯಿಯಲ್ಲಿ ಓಡಾಡುತ್ತದೆ. ಉಸಿರಿನಿಂದ ನಿಲ್ಲುವುದು ಟ್ಯೂಬಾ, ಮೀಟಿದೊಡನೆ ಇಳಿಯುವುದು ಬೇಸ್ ಎಂಬ ಗುರುತು ಅಲ್ಲೂ ನಡೆಯುತ್ತದೆ. ಕೊನೆಯ ಮೂರು ಭಾಗಗಳು ಸುಮಾರು 18 ನಿಮಿಷದ ಒಂದೇ ಟ್ರ್ಯಾಕ್‌ನಲ್ಲಿವೆ. ಅದರಲ್ಲಿ ತಂಡವಿಡೀ ವೇಗ ಏರಿಸಿಕೊಂಡು ಹೋಗುವ ಜಾಗಗಳು ಬಂದಾಗ ತಾಳ ಹಾಕುವುದನ್ನು ಬಿಟ್ಟು ಬೇಸ್ ಮತ್ತು ಡ್ರಮ್ ಎರಡನ್ನೇ ಹಿಡಿದುಕೊಳ್ಳಿ, ವೇಗ ನಿಂತ ಮೇಲೆ ಮತ್ತೆ ಎಣಿಸಿ.